ಇಂಟರ್ನ್‌ಶಿಪ್‌ಗೆ ಕಳಿಸುವ ಮುನ್ನ ಲೆಕ್ಕ ಹಾಕಿ

ಹಾಲು ಉತ್ಪಾದಕ ಬಂಧುಗಳೇ,

ಪದವಿ ಓದುವ ಮಗಳು "ಅಪ್ಪಾ, ದಿಲ್ಲಿಗೆ ಇಂಟರ್ನ್‌ಶಿಪ್‌ಗೆ ಹೋಗ್ತೇನಿ" ಅಂದರೆ ಬೇಡವೆನ್ನಬೇಡಿ; ಅವಸರದಲ್ಲಿ ಎಮ್ಮೆಯನ್ನೂ ಮಾರಬೇಡಿ. ಇಂಟರ್ನ್‌ಶಿಪ್ ಎಂದರೆ ಕೆಲಸ ಮಾಡುತ್ತ ಕಲಿಯುವುದು.

ಪಶುವೈದ್ಯ ಪದವಿಯಲ್ಲಿ ನಮಗೆ ಇದಕ್ಕೆ ಭತ್ಯೆ ಸಿಗುತ್ತಿತ್ತು. ಎಲ್ಲ ಕಡೆ ಹಾಗಿಲ್ಲ. ಕೇಂದ್ರ ಸರ್ಕಾರಕ್ಕೆ ಸಲಹೆ ನೀಡುವ ನೀತಿ ಆಯೋಗದಲ್ಲಿ 6 ವಾರದಿಂದ 6 ತಿಂಗಳವರೆಗೆ ಅವಕಾಶವಿದೆ, ಆದರೆ ಭತ್ಯೆ ಇಲ್ಲ. ದಿಲ್ಲಿಯ ಬಾಡಿಗೆ, ಊಟದ ಖರ್ಚು ನಿಮ್ಮ ಹಾಲಿನ ಬಿಲ್ಲಿನಿಂದಲೇ ಹೋಗಬೇಕು.

ಧಾರವಾಡದಲ್ಲೇ ಸಿಎಂಡಿಆರ್ ಎಂಬ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಇದೆ, ಅಲ್ಲಿಯೂ ವಿಚಾರಿಸಿ. ಕಲಘಟಗಿಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರಬಹುದು.

ಎಲ್ಲಿಯೇ ಆಗಲಿ, ಮೂರು ಮಾತು ಕೇಳಿ: ಭತ್ಯೆ ಎಷ್ಟು? ವಸತಿ ಇದೆಯೇ? ಎಷ್ಟು ತಿಂಗಳು? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಇಂಟರ್ನ್‌ಶಿಪ್ ಕೊಡಿಸುತ್ತೇವೆಂದು ಹಣ ಕೇಳುವವರಿಂದ ದೂರವಿರಿ.

– ಪಶುವೈದ್ಯಾಧಿಕಾರಿ