ಪ್ರಾಜೆಕ್ಟ್ ಮುಗೀತು, ಮುಂದೇನು?

ನಮ್ಮೂರಿನ ಹಳೆಯ ಕೋಟೆ ಗೋಡೆ ಮತ್ತು ಮೆಟ್ಟಿಲು ಬಾವಿಯ ದುರಸ್ತಿ ಯೋಜನೆ ಮಾರ್ಚ್ ಕೊನೆಗೆ ಮುಗಿಯುತ್ತದೆ ಎಂಬುದು ಸೇರಿದ ದಿನವೇ ನಮಗೆಲ್ಲ ಗೊತ್ತಿತ್ತು. ಕೊಟ್ಟ ಪತ್ರದಲ್ಲೇ ದಿನಾಂಕ ಬರೆದಿತ್ತು. ಆದರೂ ಕೊನೆಯ ತಿಂಗಳು ಬಂದಾಗ ಯಾರಿಗೂ ಮಾತು ಹೊರಡಲಿಲ್ಲ. ಡಿಗ್ರಿ ಮುಗಿಸಿ ಕೆಲಸಕ್ಕಾಗಿ ಅಲೆಯುತ್ತಿದ್ದ ನಮ್ಮಂಥ ಹುಡುಗ ಹುಡುಗಿಯರಿಗೆ ಅಲ್ಲಿ ಎರಡು ವರ್ಷ ಸುಣ್ಣದ ಗಾರೆ ಹದ ಮಾಡುವುದನ್ನು, ಕಲ್ಲು ಜೋಡಿಸುವುದನ್ನು, ಹಳೆಯ ಕಟ್ಟಡದ ಅಳತೆ ತೆಗೆದು ನಕ್ಷೆ ಬರೆಯುವುದನ್ನು, ಬಂದವರಿಗೆ ಊರಿನ ಕಥೆ ಹೇಳುವುದನ್ನು ಕಲಿಸಿದ್ದರು. ಜೊತೆಗೆ ತಿಂಗಳಿಗೆ ಒಂದಿಷ್ಟು ಸ್ಟೈಪೆಂಡ್.

'ಮುಂದಿನ ತಿಂಗಳಿಂದ ಪಗಾರ ಬರಂಗಿಲ್ಲೇನು?' ಎಂದು ಅವ್ವ ಕೇಳಿದಳು. ನನ್ನ ಬಳಿ ಇದ್ದದ್ದು ಒಂದು ಸರ್ಟಿಫಿಕೇಟ್, ಗ್ರೂಪ್ ಫೋಟೊ ಮತ್ತು ಅಂಗೈಯಲ್ಲಿ ಬಿದ್ದ ಜಡ್ಡು. ಸಮಾರೋಪದ ದಿನ ಹಾರ, ಶಾಲು, ಭಾಷಣ ಎಲ್ಲ ಆಯಿತು. ಆದರೆ ಗಾರೆ ಅರೆಯುವ ಗಾಣ ಇನ್ನು ಯಾರದು, ಬಾವಿಯ ಕಲ್ಲು ಮತ್ತೆ ಜರುಗಿದರೆ ಯಾರಿಗೆ ಹೇಳಬೇಕು, ಕಲಿತ ನಾವು ಎಲ್ಲಿಗೆ ಹೋಗಬೇಕು ಎಂಬುದನ್ನು ವೇದಿಕೆಯ ಮೇಲೆ ಯಾರೂ ಹೇಳಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಪರಂಪರೆ, ಕೈಮಗ್ಗ, ಜಲಾನಯನ, ಯಾವುದೇ ಯೋಜನೆಯಲ್ಲಿ ತರಬೇತಿ ಪಡೆದ ಯುವಕರಿಗೆ 'ಪ್ರಾಜೆಕ್ಟ್ ಕ್ಲೋಸ್' ಎಂಬ ಮಾತಿನ ಭಾರ ಗೊತ್ತು. ಹೀಗೆ ಮುಗಿದ ಯೋಜನೆಯೊಂದು ಬೇರೆ ಕಡೆ ಏನು ಉಳಿಸಿತು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ನೇಪಾಳದ ಭಕ್ತಪುರ.

ಮದುವೆಯ ಉಡುಗೊರೆಯಿಂದ ಶುರು

ನೇಪಾಳ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಪಶುಪತಿನಾಥ. ಅಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋದವರು ಎಂಬ ಹೆಮ್ಮೆಯೂ ನಮಗಿದೆ. ಆ ಕಠ್ಮಂಡುವಿನಿಂದ ಪೂರ್ವಕ್ಕೆ ಹದಿಮೂರು ಕಿಲೋಮೀಟರ್ ಆಸುಪಾಸಿನಲ್ಲಿ ಭಕ್ತಪುರ ಇದೆ. ನೇವಾರ ಜನರ ಹಳೆಯ ರಾಜಧಾನಿ ಅದು. ಅವರ ಭಾಷೆಯಲ್ಲಿ ಊರಿನ ಹೆಸರು ಖ್ವಪ. ಕೆಂಪು ಇಟ್ಟಿಗೆಯ ಮನೆ, ಕೆತ್ತಿದ ಮರದ ಕಿಟಕಿ, ಮಹಡಿ ಮೇಲೆ ಮಹಡಿಯಾಗಿ ಏರುವ ದೇವಸ್ಥಾನಗಳ ಊರು.

1970ರಲ್ಲಿ ನೇಪಾಳದ ಯುವರಾಜ ಬೀರೇಂದ್ರ ಅವರ ಮದುವೆಯಾಯಿತು. ಆಗಿನ ಪಶ್ಚಿಮ ಜರ್ಮನಿ ಉಡುಗೊರೆಯಾಗಿ ಕೊಟ್ಟದ್ದು ವಿಚಿತ್ರ ವಸ್ತು: ಭಕ್ತಪುರದ ಪೂಜಾರಿ ಮಠದ ದುರಸ್ತಿ. ನವಿಲಿನ ಕಿಟಕಿಗೆ ಹೆಸರಾದ ಆ ಮಠ 15ನೇ ಶತಮಾನದ್ದು. 1971-72ರಲ್ಲಿ ಜರ್ಮನ್ ವಾಸ್ತುಶಿಲ್ಪಿಗಳು ಸ್ಥಳೀಯ ಬಡಗಿಗಳನ್ನು ಸೇರಿಸಿಕೊಂಡು ಅದನ್ನು ರಿಪೇರಿ ಮಾಡಿದರು.

ಅದರ ಬೆನ್ನಿಗೇ 1974ರಲ್ಲಿ 'ಭಕ್ತಪುರ ಅಭಿವೃದ್ಧಿ ಯೋಜನೆ' ಶುರುವಾಯಿತು. ದೇವಸ್ಥಾನಗಳಿಗೆ ಸುಣ್ಣ ಬಣ್ಣ ಬಳಿದು ಹೋಗುವ ಯೋಜನೆ ಅದಾಗಿರಲಿಲ್ಲ. ಬೀದಿಗಳಿಗೆ ಇಟ್ಟಿಗೆ ಹಾಸಿದರು, ಕುಡಿಯುವ ನೀರು ಮತ್ತು ಚರಂಡಿಯ ಕೆಲಸ ಮಾಡಿದರು, ಮಠ, ಗುಡಿ, ಛತ್ರಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಿದರು. ಈ ಕೆಲಸದ ನಡುವೆ ಊರಿನ ಬಡಗಿ, ಗೌಂಡಿ, ಇಟ್ಟಿಗೆ ಸುಡುವವರ ಕೈಗೆ ಮತ್ತೆ ಹಳೆಯ ಕಸುಬು ಬಂತು. 1986ರಲ್ಲಿ ಯೋಜನೆ ಮುಗಿಯಿತು. ನಡೆದದ್ದು ಒಟ್ಟು ಹನ್ನೆರಡು ವರ್ಷ.

ಬಾಗಿಲು ಹಾಕಿದ ಮೇಲೆ

ಯೋಜನೆ ಮುಗಿದ ಮರುವರ್ಷವೇ ಊರಿನ ಕಸುಬುದಾರರಿಗೆ ಪರೀಕ್ಷೆ ಬಂತು. ಅರಮನೆಯ ಎದುರಿನ ಚ್ಯಾಸಿಲಿಂ ಮಂಟಪ 1934ರ ಭೂಕಂಪದಲ್ಲಿ ನೆಲಸಮವಾಗಿತ್ತು. ಜರ್ಮನಿಯ ಕೊಡುಗೆಯಾಗಿ 1987ರಿಂದ 1990ರವರೆಗೆ ಅದನ್ನು ಮತ್ತೆ ಕಟ್ಟಿದರು. ಹಳೆಯ ಚಿತ್ರ, ಫೋಟೊ ನೋಡಿ, ಉಳಿದಿದ್ದ ಮರದ ಭಾಗಗಳನ್ನು ಹುಡುಕಿ, ಇಲ್ಲದ್ದನ್ನು ಹೊಸದಾಗಿ ಕೆತ್ತಿದ್ದು ಊರಿನ ಕೆತ್ತನೆಗಾರರೇ. ಒಳಗೆ ಉಕ್ಕಿನ ಚೌಕಟ್ಟು ಕೊಟ್ಟಿದ್ದರು. ಅದು ಸರಿಯೇ ಎಂದು ತಜ್ಞರಲ್ಲಿ ಆಗ ಚರ್ಚೆ ನಡೆದಿತ್ತು. ಆದರೆ 2015ರ ಭೂಕಂಪದಲ್ಲಿ ಆ ಮಂಟಪ ನಿಂತೇ ಇತ್ತು.

ಮುಖ್ಯವಾದ ಹೆಜ್ಜೆ ಇಟ್ಟಿದ್ದು ನಗರಸಭೆ. 1990ರ ದಶಕದಲ್ಲಿ ಅದು ವಿದೇಶಿ ಪ್ರವಾಸಿಗರಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳತೊಡಗಿತು. ಊರಿನೊಳಗೆ ಬರುವವರು ಟಿಕೆಟ್ ಪಡೆಯಬೇಕು. ಆ ಹಣ ಗುಡಿ, ಕೊಳ, ಬೀದಿಗಳ ನಿರ್ವಹಣೆಗೆ ಬರುತ್ತದೆ. ಹೊರಗಿನ ಫಂಡ್ ನಿಂತರೂ ಊರಿಗೆ ತನ್ನದೇ ಆದಾಯದ ದಾರಿ ಸಿಕ್ಕಿತು. ಅದೇ ನಗರಸಭೆ ಕಾಲೇಜುಗಳನ್ನೂ ತೆರೆಯಿತು. ಖ್ವಪ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 2001ರಲ್ಲಿ. ಹಳೆಯ ಕಟ್ಟಡ ಕಟ್ಟುವ ಮೇಸ್ತ್ರಿಯೂ ಹೊಸ ಲೆಕ್ಕ ಹಾಕುವ ಎಂಜಿನಿಯರೂ ಒಂದೇ ಓಣಿಯಲ್ಲಿ ಸಿಗುವಂತಾಯಿತು.

2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪವಾಯಿತು. ಭಕ್ತಪುರ ಜಿಲ್ಲೆಯೊಂದರಲ್ಲೇ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಗಾರೆಯ ಹಳೆಯ ಮನೆಗಳು ಸಾಲು ಸಾಲಾಗಿ ಬಿದ್ದವು. ಅರಮನೆ ಚೌಕದ ವತ್ಸಲಾ ದುರ್ಗಾ ಗುಡಿ ಕಲ್ಲಿನ ರಾಶಿಯಾಯಿತು. 1702ರಲ್ಲಿ ಭೂಪತೀಂದ್ರ ಮಲ್ಲ ಕಟ್ಟಿಸಿದ ಐದು ಮಾಡಿನ ನ್ಯಾತಪೋಲ ಮಾತ್ರ ನಿಂತಿತು. ಅದಕ್ಕೂ ಮೇಲ್ಭಾಗದಲ್ಲಿ ಪೆಟ್ಟಾಗಿತ್ತು.

ಆಗ ಊರಿನವರು ಮಾಡಿದ್ದು ಓದಿ ನಾನು ಕುಳಿತಲ್ಲೇ ಕುಳಿತೆ. ಗುಡಿಗಳ ಮರುನಿರ್ಮಾಣವನ್ನು ಟೆಂಡರ್ ಕರೆದು ಕಂಟ್ರಾಕ್ಟರಿಗೆ ಒಪ್ಪಿಸಲು ನಗರಸಭೆ ಒಪ್ಪಲಿಲ್ಲ. ಆಯಾ ಓಣಿಯವರದೇ 'ಉಪಭೋಕ್ತಾ ಸಮಿತಿ' ಮಾಡಿ ಅದರ ಕೈಗೆ ಕೆಲಸ ಕೊಟ್ಟಿತು. ಮರ, ಇಟ್ಟಿಗೆ, ಮಣ್ಣು, ಸುಣ್ಣ ಎಲ್ಲ ಹಳೆಯ ಪದ್ಧತಿಯವೇ. ಜನ ಸಾಲಾಗಿ ನಿಂತು ಇಟ್ಟಿಗೆ ಸಾಗಿಸಿ ಶ್ರಮದಾನ ಮಾಡಿದರು. ಜರ್ಮನಿಯ ಅಭಿವೃದ್ಧಿ ಬ್ಯಾಂಕಿನಿಂದ ಬರಲಿದ್ದ ದೊಡ್ಡ ಮೊತ್ತದ ನೆರವನ್ನೂ ಅದರ ಷರತ್ತುಗಳು ಹಿಡಿಸದೆ ನಗರಸಭೆ ಬೇಡವೆಂದಿತು. ಒಂದು ಕಾಲಕ್ಕೆ ಯಾವ ದೇಶದ ಹಣದಿಂದ ಕೆಲಸ ಕಲಿತರೋ ಆ ದೇಶದ ಹಣಕ್ಕೇ 'ನಮ್ಮ ಕೆಲಸ ನಾವೇ ಮಾಡಿಕೊಳ್ಳುತ್ತೇವೆ' ಎನ್ನುವಷ್ಟು ಧೈರ್ಯ ಬಂದಿತ್ತು. ವತ್ಸಲಾ ಗುಡಿ ಮತ್ತೆ ಎದ್ದಿತು, ನ್ಯಾತಪೋಲದ ಮಾಡು ದುರಸ್ತಿಯಾಯಿತು.

ಎಲ್ಲವೂ ಸರಿಹೋಯಿತು ಎಂದಲ್ಲ. ಯೋಜನೆ ಮುಗಿದ ನಂತರ ಖಾಸಗಿ ಮನೆಗಳು ಒಂದೊಂದಾಗಿ ಕಾಂಕ್ರೀಟ್ ಆದವು. ಅಣ್ಣ ತಮ್ಮಂದಿರು ಪಾಲಾದಾಗ ಹಳೆಯ ಮನೆಯನ್ನು ಉದ್ದಕ್ಕೆ ಸೀಳಿ ಹಂಚಿಕೊಂಡರು. ಗುಡಿ ಉಳಿಸುವುದು ಸುಲಭ, ಜನ ವಾಸಿಸುವ ಮನೆ ಉಳಿಸುವುದು ಕಷ್ಟ. ಇದು ನಮ್ಮ ವಾಡೆ, ತೊಟ್ಟಿಮನೆಗಳಿಗೂ ಅನ್ವಯಿಸುವ ಮಾತು.

ಮೂರು ಪ್ರಶ್ನೆ

ಭಕ್ತಪುರಕ್ಕೆ ಬರುವಷ್ಟು ಪ್ರವಾಸಿಗರು ನಮ್ಮೂರಿಗೆ ಬರುವುದಿಲ್ಲ. ಟಿಕೆಟ್ ಇಟ್ಟರೆ ಕೊಳ್ಳುವವರೂ ಇಲ್ಲ. ಆದರೂ ಆ ಊರಿನಿಂದ ಮೂರು ಪ್ರಶ್ನೆಗಳನ್ನು ಎರವಲು ತರಬಹುದು. ಯೋಜನೆ ಮುಗಿದ ಮೇಲೆ ಕೆಲಸ ಬಲ್ಲವರು ಊರಲ್ಲೇ ಇರುತ್ತಾರೆಯೇ? ನಿರ್ವಹಣೆಗೆ ಸಣ್ಣದಾದರೂ ನಿರಂತರ ಹಣದ ದಾರಿ ಇದೆಯೇ? ಕಟ್ಟಡಕ್ಕೂ ಸಾಮಾನುಗಳಿಗೂ ವಾರಸುದಾರರು ಯಾರು? ಮೂರಕ್ಕೂ ಉತ್ತರ ಇದ್ದರೆ ಅದು ಹಸ್ತಾಂತರ. ಇಲ್ಲದಿದ್ದರೆ ಬರೀ ಸಮಾರೋಪ.

ನಮ್ಮ ತಂಡದಲ್ಲಿ ಕೆಲವರು ಬೆಂಗಳೂರಿಗೆ ಹೋದರು. ಒಬ್ಬ ಡೆಲಿವರಿ ಕೆಲಸಕ್ಕೆ ಸೇರಿದ, ಇನ್ನೊಬ್ಬಳು ಬಿ.ಇಡಿ ಮಾಡುತ್ತಿದ್ದಾಳೆ. ಅವರನ್ನು ತಪ್ಪು ಎನ್ನುವ ಹಕ್ಕು ಯಾರಿಗೂ ಇಲ್ಲ, ಮನೆ ನಡೆಯಬೇಕಲ್ಲ. ಉಳಿದ ನಾವು ಏಳು ಮಂದಿ ಒಂದು ಗುಂಪು ಮಾಡಿಕೊಂಡೆವು. ಗಾಣವನ್ನು ಪಂಚಾಯಿತಿ ಹೆಸರಿಗೆ ಬರೆಸಿ, ಬಳಸುವ ಹಕ್ಕನ್ನು ಠರಾವಿನಲ್ಲಿ ಸೇರಿಸಿಕೊಂಡೆವು. ಮೊದಲ ಕೆಲಸ ಸಿಕ್ಕಿದ್ದು ಒಂದು ಹಳೆಯ ವಾಡೆಯಲ್ಲಿ. ಸಿಮೆಂಟ್ ಮೆತ್ತಿ ಉಬ್ಬಿಹೋಗಿದ್ದ ಗೋಡೆಯನ್ನು ಕೆರೆದು, ಬೆಲ್ಲದ ನೀರು ಬೆರೆಸಿದ ಸುಣ್ಣದ ಗಾರೆ ಹಚ್ಚಿದೆವು. ಹಳೆಯ ಗೋಡೆ ಉಸಿರಾಡಬೇಕು, ಸಿಮೆಂಟ್ ತೇವವನ್ನು ಒಳಗೇ ಕಟ್ಟಿಹಾಕುತ್ತದೆ ಎಂದು ಮನೆಯವರಿಗೆ ತಿಳಿಸಿ ಹೇಳಲು ಒಂದು ವಾರ ಹಿಡಿಯಿತು. ಕೆಲಸಕ್ಕೆ ಹಿಡಿದದ್ದು ಹತ್ತು ದಿನ.

ನಮಗೆ ಕಲಿಸಿದ ಮೇಸ್ತ್ರಿ ಕಾಕಾ ಹೇಳಿದ್ದು ಇಷ್ಟೇ: 'ತಂಗಿ, ಆ ಕಾಗದಕ್ಕ ಕಟ್ಟು ಹಾಕ್ಸಿ ಗ್ವಾಡಿಗೆ ತೂಗಹಾಕು. ಕೈ ಮಾತ್ರ ಖಾಲಿ ಬಿಡಬ್ಯಾಡ. ಗಾರೆ ಕೆಲಸ ಆರು ತಿಂಗಳ ಬಿಟ್ರ ಹದ ಮರೀತದ.'

ತರಬೇತಿಯಲ್ಲಿ ಇರುವವರಿಗೆ

ನೀವೂ ಇಂಥ ಯೋಜನೆಯೊಂದರಲ್ಲಿ ಇದ್ದರೆ ಕೊನೆಯ ತಿಂಗಳವರೆಗೆ ಕಾಯಬೇಡಿ. ಮಾಡಿದ ಪ್ರತಿ ಕೆಲಸದ ದಿನಾಂಕ, ಜಾಗ, ಅಳತೆ, ಬಳಸಿದ ಸಾಮಗ್ರಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೆಲಸಕ್ಕೆ ಮುಂಚಿನ ಮತ್ತು ನಂತರದ ಫೋಟೊ ತೆಗೆಯಿರಿ. ಮೇಲ್ವಿಚಾರಕರ ಸಹಿ ಹಾಕಿಸಿಕೊಳ್ಳಿ. 'ತರಬೇತಿ ಪಡೆದಿದ್ದಾರೆ' ಎಂಬ ಒಂದು ಸಾಲಿಗಿಂತ ಇಂಥಿಂಥ ಗೋಡೆ ಕಟ್ಟಿದ್ದಾರೆ ಎಂಬ ದಾಖಲೆಗೆ ಬೆಲೆ ಹೆಚ್ಚು.

ಸರ್ಕಾರಿ ದಾರಿಗಳೂ ಇವೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೌಂಡಿ, ಬಡಗಿ, ಶಿಲ್ಪಿ, ಕುಂಬಾರರು ಸೇರಿದ್ದಾರೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವು, ಆಮೇಲೆ ಶೇ 5ರ ಬಡ್ಡಿಗೆ ಸಾಲ ಸಿಗುತ್ತದೆ. 18 ವರ್ಷ ತುಂಬಿರಬೇಕು, ಆ ಕಸುಬಿನಲ್ಲಿ ಸ್ವಂತ ಉದ್ಯೋಗ ಮಾಡುತ್ತಿರಬೇಕು, ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ 2014ರ ಸಂರಕ್ಷಣಾ ನೀತಿ ಕೂಡ ಸಾಂಪ್ರದಾಯಿಕ ಕುಶಲಕರ್ಮಿಗಳು ಮತ್ತು ಸ್ಥಳೀಯ ಸಮುದಾಯದ ಪಾಲನ್ನು ಒಪ್ಪಿಕೊಂಡಿದೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ರಾಜ್ಯದ ಹಳೆಯ ಗುಡಿಗಳ ಜೀರ್ಣೋದ್ಧಾರವನ್ನು ಸರ್ಕಾರ ಮತ್ತು ಊರಿನವರ ಪಾಲು ಸೇರಿಸಿ ಮಾಡಿಕೊಂಡು ಬಂದಿದೆ. ಇಂಥ ಕಡೆಗಳಲ್ಲಿ ಗಾರೆ, ಕಲ್ಲು ಬಲ್ಲ ಕೈಗಳಿಗೆ ಕೆಲಸವಿದೆ. ಹೋಗಿ ಕೇಳಬೇಕು.

ಇನ್ನು ಯೋಜನೆ ರೂಪಿಸುವ ಹಿರಿಯರಿಗೆ ಒಂದು ವಿನಂತಿ. ಬಜೆಟ್ಟಿನಲ್ಲಿ ಸಮಾರೋಪದ ಊಟ, ಬ್ಯಾನರಿಗೆ ಹಣ ಇಡುತ್ತೀರಿ. ಅದರ ಜೊತೆಗೆ ಮುಗಿದ ಮೇಲಿನ ಒಂದು ವರ್ಷಕ್ಕೂ ಸ್ವಲ್ಪ ಎತ್ತಿಡಿ. ಆ ಒಂದು ವರ್ಷ ಕಲಿತವರಿಗೆ ಚಿಕ್ಕ ಚಿಕ್ಕ ಕೆಲಸ ಸಿಕ್ಕರೆ ಅವರು ಊರು ಬಿಡುವುದಿಲ್ಲ. ಮೇಸ್ತ್ರಿ ಊರಲ್ಲಿದ್ದರೆ ಜರುಗಿದ ಕಲ್ಲು ಜರುಗಿದ ವಾರವೇ ಕೂರುತ್ತದೆ. ಇಲ್ಲದಿದ್ದರೆ ಅದೇ ಗೋಡೆಗೆ ಹತ್ತು ವರ್ಷದ ನಂತರ ಮತ್ತೊಂದು ಯೋಜನೆ ಬರೆಯಬೇಕಾಗುತ್ತದೆ, ಆಗ ಕಲಿಸಲು ಕಾಕಾನಂಥವರು ಇರುವುದಿಲ್ಲ.