ಬೆಂಕಿಗೆ ಬೇಲಿ ಹಾಕಿದ ಊರು

ವಿದ್ಯಾರ್ಥಿ ಮಿತ್ರರೆ, ಖಾಂಡವದಹನದ ಕಥೆಯನ್ನು ನೀವೆಲ್ಲರೂ ಕೇಳಿರುವಿರಿ. ಕಾಡು ಹೊತ್ತಿ ಉರಿಯುವುದಕ್ಕೆ ದಾವಾನಲ, ಕಾಳ್ಗಿಚ್ಚು ಎಂಬ ಹೆಸರುಗಳು ನಮ್ಮ ನುಡಿಯಲ್ಲಿ ಬಹು ಹಿಂದಿನಿಂದಲೂ ಇವೆ. ಆದರೆ ಇತ್ತೀಚಿನ ವರುಷಗಳಲ್ಲಿ ಜಗತ್ತಿನ ಹಲವೆಡೆ ಕಾಣಿಸಿಕೊಳ್ಳುತ್ತಿರುವ ಮಹಾಕಿಚ್ಚು ನೀರು ಸುರಿದು ಆರಿಸುವಂಥದಲ್ಲ. ಅದರೆದುರು ಊರುಗಳು ಉಳಿಯುವ ಬಗೆ ಹೇಗೆ? ಪೋರ್ಚುಗಲ್ ದೇಶದ ಅನುಭವದಿಂದ ಇದನ್ನು ತಿಳಿಯೋಣ.

ಆ ದೇಶದ ನಡುನಾಡು ಗುಡ್ಡಗಾಡು. ಹಿಂದೆ ಅಲ್ಲಿಯ ಹಳ್ಳಿಗಳ ಸುತ್ತ ಹೊಲಗಳೂ ಆಲಿವ್ ತೋಟಗಳೂ ಆಡುಕುರಿಗಳು ಮೇಯುವ ಬಯಲುಗಳೂ ಇದ್ದವು. ಕಳೆದ ಶತಮಾನದ ಉತ್ತರಾರ್ಧದಲ್ಲಿ ತರುಣರು ಕೆಲಸವನ್ನರಸಿ ಲಿಸ್ಬನ್ನಿಗೂ ಫ್ರಾನ್ಸಿಗೂ ಹೊರಟುಹೋದರು. ಊರಲ್ಲಿ ಮುದುಕರು ಉಳಿದರು. ಉಳುವವರಿಲ್ಲದ ಹೊಲಗಳಲ್ಲಿ ಪೊದೆ ಬೆಳೆಯಿತು. ಕಾಗದದ ಕಾರ್ಖಾನೆಗಳಿಗೆಂದು ಬೆಳೆಸಿದ ನೀಲಗಿರಿ ಮರಗಳು ಎಷ್ಟೋ ಕಡೆ ಮನೆಯಂಗಳದವರೆಗೂ ಬಂದವು. ನೀಲಗಿರಿಯ ಎಲೆಯಲ್ಲಿ ಎಣ್ಣೆಯಿದೆ. ಅದರ ತೊಗಟೆ ಪಟ್ಟಿಪಟ್ಟಿಯಾಗಿ ಸುಲಿದು, ಉರಿಯುತ್ತಲೇ ಗಾಳಿಯಲ್ಲಿ ದೂರ ಹಾರಿ, ಬಿದ್ದೆಡೆಯಲ್ಲಿ ಹೊಸ ಬೆಂಕಿಯನ್ನು ಹೊತ್ತಿಸುತ್ತದೆ.

ಬೆಂಕಿಗೆ ಕಾವು, ಗಾಳಿ, ಉರುವಲು ಎಂಬ ಮೂರೂ ಬೇಕು. ಬೇಸಗೆಯ ಕಾವನ್ನಾಗಲಿ ಬೀಸುವ ಗಾಳಿಯನ್ನಾಗಲಿ ನಾವು ತಡೆಯಲಾರೆವು. ನಮ್ಮ ಕೈಯಲ್ಲಿರುವುದು ಉರುವಲು ಒಂದೇ. ಅಲ್ಲಿ ಆ ಉರುವಲು ದಶಕಗಳಿಂದ ಕೂಡಿಬರುತ್ತಿತ್ತು.

2017ನೆಯ ಇಸವಿ ಜೂನ್ 17ರಂದು ಪೆದ್ರೋಗಾವ್ ಗ್ರಾಂದೆ ಎಂಬಲ್ಲಿ ಕಿಚ್ಚು ಎದ್ದಿತು. ಬಿಸಿಲು 40 ಡಿಗ್ರಿಯ ಸುಮಾರಿನಲ್ಲಿತ್ತು. ಆ ದುರಂತದಲ್ಲಿ 66 ಮಂದಿ ತೀರಿಕೊಂಡರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಪಾರಾಗಲು ಹೊರಟು ಒಂದೇ ರಸ್ತೆಯಲ್ಲೂ ಅದರ ಆಸುಪಾಸಿನಲ್ಲೂ ಸಿಕ್ಕಿಕೊಂಡವರು. ಸಮೀಪದ ನೋದೈರಿನ್ಯೋ ಎಂಬ ಹಳ್ಳಿಯಲ್ಲಿಯೋ, 12 ಮಂದಿ ನೀರಿನ ತೊಟ್ಟಿಯೊಳಗೆ ಇಳಿದು ನಿಂತು ಬದುಕಿಕೊಂಡರು. ಎಲ್ಲಿ ಆಶ್ರಯವಿದೆ, ಯಾವ ದಾರಿ ಅಪಾಯದ್ದು ಎಂಬುದನ್ನು ಮೊದಲೇ ತಿಳಿದಿರುವುದು ಎಷ್ಟು ಅಗತ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅದೇ ದಿನಗಳಲ್ಲಿ ಫೆರಾರಿಯ ದೆ ಸಾವ್ ಜುವಾವ್ ಎಂಬ ಪುಟ್ಟ ಹಳ್ಳಿಯ ಅಂಚಿಗೂ ಬೆಂಕಿ ಬಂದಿತು. ಅಲ್ಲಿ ಹಳೆಯ ಕಾರ್ಕ್ ಓಕ್ ಮರಗಳ ತೋಪು ಇದೆ. ಸೀಸೆಯ ಬಿರಡೆಗಳನ್ನು ಮಾಡುವುದು ಈ ಮರದ ತೊಗಟೆಯಿಂದಲೇ. ದಪ್ಪನಾದ ಆ ತೊಗಟೆ ಬೇಗನೆ ಹೊತ್ತದು. ತೋಪಿನ ಬಳಿ ಉರಿ ತಗ್ಗಿತು, ಮನೆಗಳು ಉಳಿದವು. ಬಳಿಕ ಊರವರು ಸಭೆ ಸೇರಿ, ಊರಿನ ಸುತ್ತ ಸುಮಾರು 100 ಮೀಟರ್ ಅಗಲದ ನೆಲದಿಂದ ನೀಲಗಿರಿಯನ್ನು ಕಿತ್ತುಹಾಕಿ, ಅಲ್ಲಿ ಸುಲಭವಾಗಿ ಉರಿಯದ ಮರಗಳನ್ನು ಬೆಳೆಸಲು ನಿಶ್ಚಯಿಸಿದರು. ನೀಲಗಿರಿಯೆಂದರೆ ಕೈಗೆ ಬರುವ ಹಣ. ಅದನ್ನು ಬಿಡುವುದು ಸುಲಭದ ಮಾತಲ್ಲ. ನೆಲವೂ ತುಂಡುತುಂಡಾಗಿ ಅನೇಕರಿಗೆ ಸೇರಿದ್ದು. ಒಬ್ಬನು ಒಪ್ಪದಿದ್ದರೆ ಬೇಲಿಯಲ್ಲಿ ಕಂಡಿ ಬಿದ್ದಂತೆಯೇ ಸರಿ. ಆದುದರಿಂದ ಒಗ್ಗಟ್ಟೇ ಅವರ ಮೊದಲನೆಯ ಬೇಲಿಯಾಯಿತು.

2018ರಲ್ಲಿ ಸರಕಾರವು ‘ಸುರಕ್ಷಿತ ಗ್ರಾಮ, ಸುರಕ್ಷಿತ ಜನ’ ಎಂಬ ಯೋಜನೆಯನ್ನು ಆರಂಭಿಸಿತು. ಅದರಂತೆ ಹಳ್ಳಿಗೊಬ್ಬ ಹೊಣೆಗಾರನಿರುತ್ತಾನೆ. ಜನರು ಸೇರತಕ್ಕ ಸ್ಥಳವನ್ನೂ ಹೊರಡತಕ್ಕ ದಾರಿಯನ್ನೂ ಗುರುತಿಸಿ, ಮುಂಚಿತವಾಗಿಯೇ ಅಭ್ಯಾಸ ಮಾಡಿಸುತ್ತಾರೆ.

ಈ ವಿವೇಕ ನಮ್ಮ ನಾಡಿಗೆ ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗೆಲೆಗಳನ್ನು ಸಣ್ಣ ಉರಿಯಲ್ಲಿ ಸುಡುತ್ತಿದ್ದರು. ಅದಕ್ಕೆ ‘ತರಗು ಬೆಂಕಿ’ ಎಂದು ಹೆಸರು. ಕಾಡು ಅಭಯಾರಣ್ಯವಾದ ಮೇಲೆ, 1970ರ ದಶಕದಲ್ಲಿ ಅದು ನಿಂತಿತು. ಆಮೇಲೆ ಲಂಟಾನದ ಪೊದೆ ಹಬ್ಬಿತೆಂದು ಸೋಲಿಗರು ಹೇಳುತ್ತಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಉರಿದಾಗ ಒಣಗಿದ ಲಂಟಾನವೂ ಆ ಬೆಂಕಿಗೆ ಉರುವಲಾಯಿತು. ಹಾಗೆಂದು ಕಂಡಕಂಡವರು ಕಾಡಿಗೆ ಬೆಂಕಿಯಿಡುವುದು ಸಲ್ಲದು, ಅದು ಅಪರಾಧ. ಕಾಲವನ್ನೂ ಗಾಳಿಯನ್ನೂ ಅರಿತವರ ಕೆಲಸವದು.

ಮಿತ್ರರೆ, ನಾವೂ ಹೊಟ್ಟೆಪಾಡಿಗಾಗಿ ಊರು ಬಿಟ್ಟು ನಗರಕ್ಕೆ ಬಂದವರ ಮಕ್ಕಳು. ಬೀಳುಬಿದ್ದ ಹೊಲವು ಬೆಂಕಿಗೆ ದಾರಿಯಾಗುವುದೆಂಬುದನ್ನು ಪೋರ್ಚುಗಲ್ಲಿನ ಹಳ್ಳಿಗಳು ಬಹಳ ಬೆಲೆ ತೆತ್ತು ಕಲಿತವು. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಅಜ್ಜನನ್ನೋ ದೊಡ್ಡಪ್ಪನನ್ನೋ ಕೇಳಿರಿ: ನಮ್ಮ ಹೊಲವನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ? ಗುಡ್ಡಕ್ಕೆ ಬೆಂಕಿ ಬಿದ್ದರೆ ಊರವರು ಎಲ್ಲಿ ಸೇರುವರು?