ಮಡಿವಾಳ ಹಕ್ಕಿಗೆ ಅಕ್ಕಿ ಬೇಡ

ಫಜ್ರ್ ನಮಾಝ್ ಮುಗಿಸಿ ಹೊರಬರುವಾಗ ಮಾರ್ಚ್‌ನಿಂದ ಮುಂಗಾರಿನವರೆಗೆ ನಮ್ಮ ಬಹಳಷ್ಟು ಊರುಗಳಲ್ಲಿ ಒಂದು ಇಂಪಾದ ಸಿಳ್ಳೆ ಕೇಳುತ್ತದೆ. ಮರದ ತುದಿಯಲ್ಲೋ ತಾರಸಿಯ ಅಂಚಿನಲ್ಲೋ ಬಾಲ ಎತ್ತಿ ಕೂತು ಹಾಡುವ ಕಪ್ಪು ಬಿಳುಪಿನ ಆ ಹಕ್ಕಿಯೇ ಮಡಿವಾಳ. ರಾಬಿನ್ ಎಂದು ಮಕ್ಕಳು ಶಾಲೆಯಲ್ಲಿ ಕಲಿತಿರಬಹುದು. ಗಂಡಿನ ಕಪ್ಪು ಹೊಳೆಯುತ್ತದೆ, ಹೆಣ್ಣಿನದು ಬೂದು ಬಣ್ಣ. ಬಾಂಗ್ಲಾದೇಶದವರಿಗೆ ಇದು ರಾಷ್ಟ್ರಪಕ್ಷಿ.

ಜೀವಿಗಳ ಹಕ್ಕುಗಳ ಕುರಿತು ಜುಮಾ ಖುತ್ಬಾದಲ್ಲಿ ಹೇಳಿದ ಮೇಲೆ ಕೆಲವರು ಕೇಳಿದರು: ‘ಅಕ್ಕಿ ಹಾಕಿದರೂ ಇದು ಮುಟ್ಟುವುದಿಲ್ಲವಲ್ಲ?’ ನಾವೂ ಹಾಕಿ ನೋಡಿದವರೇ. ಪಾರಿವಾಳ ತಿಂದವು, ಕಾಗೆ ತಿಂದವು, ಮಡಿವಾಳ ತಿರುಗಿಯೂ ನೋಡಲಿಲ್ಲ. ಅದರ ರಿಝ್ಕ್ ಇರುವುದು ಹುಳಹುಪ್ಪಟೆಗಳಲ್ಲಿ. ಮಿಡತೆ, ಕಂಬಳಿಹುಳು, ಎರೆಹುಳು, ಅಪರೂಪಕ್ಕೆ ಸಣ್ಣ ಹಲ್ಲಿ. ನಡುನಡುವೆ ಹೂವಿನ ಮಕರಂದ.

ಬೆಕ್ಕನ್ನು ಕೂಡಿಹಾಕಿ ಕೊಂದ ಹೆಂಗಸಿನ ಹದೀಸ್ ಎಲ್ಲರಿಗೂ ಗೊತ್ತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅವಳ ಮೇಲೆ ಪ್ರವಾದಿ(ಸ) ಹೊರಿಸಿದ ತಪ್ಪು ಎರಡು: ತಾನೂ ಉಣಿಸಲಿಲ್ಲ, ನೆಲದ ಹುಳಹುಪ್ಪಟೆ ತಿಂದು ಬದುಕಲೂ ಬಿಡಲಿಲ್ಲ. ಮೊದಲನೆಯದನ್ನು ನಾವು ಮಕ್ಕಳಿಗೆ ಹೇಳುತ್ತೇವೆ, ಎರಡನೆಯದನ್ನು ದಾಟಿಬಿಡುತ್ತೇವೆ. ಗುಲಾಬಿ ಗಿಡಕ್ಕೆಂದು ವಾರವಾರ ವಿಷ ಸಿಂಪಡಿಸಿ, ಉದುರಿದ ಎಲೆಯನ್ನೆಲ್ಲ ಗುಡಿಸಿ ಸುಟ್ಟರೆ ಹಕ್ಕಿಯ ತಟ್ಟೆಯನ್ನೇ ಕಿತ್ತುಕೊಂಡಂತೆ. ಆಮೇಲೆ ಗೋಡೆಯ ಮೇಲೆ ಒಂದು ಹಿಡಿ ಅಕ್ಕಿ ಚೆಲ್ಲಿ ಸದಕವೆಂದು ಸಮಾಧಾನಪಟ್ಟುಕೊಳ್ಳುವುದು ಎಂಥದ್ದು?

ಮಾಡಬೇಕಾದದ್ದು ಹೆಚ್ಚಿಲ್ಲ. ಹಿತ್ತಲಿನ ಒಂದು ಮೂಲೆಯಲ್ಲಿ ತರಗೆಲೆ ಕೊಳೆಯಲು ಬಿಡಿ. ಎಲೆ ಮಗುಚಿ ಹುಳ ಹೆಕ್ಕುವುದು ಅದಕ್ಕೆ ಗೊತ್ತು. ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಎರಡು ಬೆರಳು ನೀರಿಡಿ, ದಿನವೂ ಬದಲಿಸಿ. ಬೆಕ್ಕು ಅವಿತು ಕೂರುವ ಪೊದೆಯ ಪಕ್ಕ ಮಾತ್ರ ಬೇಡ. ಕಿಟಕಿಯ ಗಾಜಿಗೋ ಬೈಕಿನ ಕನ್ನಡಿಗೋ ಗಂಡು ಹಕ್ಕಿ ಕುಕ್ಕುತ್ತಿದ್ದರೆ ಅದಕ್ಕೆ ಹುಚ್ಚಲ್ಲ, ತನ್ನ ಜಾಗಕ್ಕೆ ಬೇರೊಂದು ಗಂಡು ಬಂದಿದೆಯೆಂಬ ಭ್ರಮೆ. ಕನ್ನಡಿಗೆ ಬಟ್ಟೆ ಹೊದಿಸಿದರಾಯಿತು. ಹಾಡು ಚೆಂದವೆಂದು ಪಂಜರಕ್ಕೆ ಹಾಕುವವರಿದ್ದಾರೆ. ಕಾಡುಹಕ್ಕಿಯನ್ನು ಹಿಡಿದಿಡುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಎರಡು ಮರಿಗಳನ್ನು ಸಹಾಬಿಗಳು ಎತ್ತಿಕೊಂಡಾಗ ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಬಂದದ್ದು, ಮರಿಗಳನ್ನು ಮರಳಿಸಲು ಪ್ರವಾದಿ(ಸ) ಆಜ್ಞಾಪಿಸಿದ್ದು ಅಬೂದಾವೂದ್‌ನಲ್ಲಿದೆ.

ಈ ಹದೀಸನ್ನು ಎಷ್ಟೋ ಸಲ ಓದಿ ಹೇಳಿದ ನಾವೇ ಎರಡು ವರ್ಷದ ಹಿಂದೆ ಎಡವಿದೆವು. ಈದ್‌ಗೆ ಮುನ್ನ ಸುಣ್ಣ ಬಣ್ಣ ಮಾಡಿಸುವಾಗ ವುಝೂಖಾನೆಯ ಗೋಡೆಯಲ್ಲಿದ್ದ ಹಳೆಯ ಪೈಪಿನ ತೂತು ಮುಚ್ಚಲು ಮೇಸ್ತ್ರಿಗೆ ಹೇಳಿದ್ದು ನಾವೇ. ಮಡಿವಾಳ ಮರದ ಪೊಟರೆಯಲ್ಲಷ್ಟೇ ಅಲ್ಲ, ಗೋಡೆಯ ತೂತಿನಲ್ಲೂ ಗೂಡು ಕಟ್ಟುತ್ತದೆಂದು ಆಗ ಯೋಚಿಸಲಿಲ್ಲ. ಅಸರ್ ಹೊತ್ತಿಗೆ ಹೆಣ್ಣು ಹಕ್ಕಿ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಅದೇ ಜಾಗಕ್ಕೆ ಮತ್ತೆ ಮತ್ತೆ ಹಾರಿ ಬಂದು ಸಿಮೆಂಟಿಗೆ ತಾಗುತ್ತಿತ್ತು. ಮೊದಲು ಗಮನಿಸಿದ್ದು ಮದ್ರಸಾದ ಒಬ್ಬ ಹುಡುಗ. ಹಸಿ ಸಿಮೆಂಟನ್ನು ಕೈಯಲ್ಲೇ ಕೆರೆದು ತೆಗೆದೆವು. ಮೂರು ಮರಿಗಳಿದ್ದವು, ಒಂದು ಸತ್ತಿತ್ತು. ನಾವು ದೂರ ಸರಿದು ನಿಂತೆವು. ಮಗ್ರಿಬ್‌ಗೆ ಮುಂಚೆ ತಾಯಿ ಒಳಗೆ ಹೋಯಿತು.

ಆ ತೂತು ಈಗಲೂ ಹಾಗೆಯೇ ಇದೆ. ಹೊಸದಾಗಿ ಬಂದವರು ರಿಪೇರಿ ಯಾಕೆ ಮಾಡಿಲ್ಲವೆಂದು ಕೇಳಿದರೆ ಆ ಹುಡುಗನೇ ಉತ್ತರ ಹೇಳುತ್ತಾನೆ.